ಮೈಯಾಹಿ, ಮೈಯಾಹು: ಆ ಹಾಡಿನ ಬಗ್ಗೆ ಪದೇ ಪದೇ ಕೇಳುವ ಪ್ರಶ್ನೆಗಳು

ಈ ಹಾಡಿನ ಬಗ್ಗೆ ಒಂದು ಸಲ ಮಾತಾಡಿದ್ದೇ ತಪ್ಪಾಯಿತು. ಅಂದಿನಿಂದ ಫೋನಿನಲ್ಲಿ, ಪತ್ರದಲ್ಲಿ, ಕಾಫಿ ಕುಡಿಯುವಾಗ ಅವೇ ಪ್ರಶ್ನೆಗಳು. ಕೇಳಿದವರ ಮಾತಿನಲ್ಲೇ ಪ್ರಶ್ನೆಗಳನ್ನು ಇಟ್ಟು ಉತ್ತರ ಬರೆದಿದ್ದೇನೆ. ಮೊದಲಿನವು ಸುಲಭ, ಕೆಳಗಿಳಿದಂತೆ ಸ್ವಲ್ಪ ಆಳ.

## ಮೊದಲ ಪರಿಚಯ

"ಮೈಯಾಹಿ, ಮೈಯಾಹು" ಅಂತ ಶುರುವಾಗುತ್ತಲ್ಲ, ಆ ಹಾಡಿನ ನಿಜವಾದ ಹೆಸರೇನು?

ದ್ರಾಗೊಸ್ತ್ಯಾ ದಿನ್ ತೆಯ್. ಹಾಡಿದ್ದು ಓ-ಝೋನ್ ಎಂಬ ಮೂವರು ಹುಡುಗರ ತಂಡ. ಬರೆದವನು ಆ ಮೂವರಲ್ಲಿ ಒಬ್ಬನಾದ ಡಾನ್ ಬಾಲನ್. 2003ರಲ್ಲಿ ರೊಮೇನಿಯಾದಲ್ಲಿ ಬಂತು. 2004ರ ಬೇಸಿಗೆ ಹೊತ್ತಿಗೆ ಯೂರೋಪಿನ ಡಿಸ್ಕೋಗಳಲ್ಲಿ, ಸಮುದ್ರ ತೀರದ ಹೋಟೆಲುಗಳಲ್ಲಿ, ಕಾರ್ ರೇಡಿಯೋದಲ್ಲಿ ಇದೇ ಹಾಡು.

ಹೆಸರು ಮಾತ್ರ ಯಾರಿಗೂ ನೆನಪಿರುವುದಿಲ್ಲ. ಕೆಲವರಿಗೆ ಇದು "ಮೈಯಾಹಿ", ಕೆಲವರಿಗೆ "ನುಮ ನುಮ". ಟಿವಿಯಲ್ಲಿ ನೋಡಿದವರಿಗೆ "ವಿಮಾನದ ರೆಕ್ಕೆ ಮೇಲೆ ಕುಣೀತಾರಲ್ಲ, ಆ ಹುಡುಗರ ಹಾಡು". ಮೂರೂ ಒಂದೇ.

ಇದು ರಷ್ಯನ್ ಅಲ್ವಾ? ನಮ್ಮಣ್ಣ ಇಟಾಲಿಯನ್ ಅಂತ ವಾದ ಮಾಡ್ತಾನೆ.

ಇಬ್ಬರೂ ಸೋತಿರಿ, ಆದರೆ ಇಬ್ಬರದ್ದೂ ಪೂರ್ತಿ ತಪ್ಪಲ್ಲ. ಭಾಷೆ ರೊಮೇನಿಯನ್. ಅದು ಲ್ಯಾಟಿನ್‌ನಿಂದ ಬಂದದ್ದು, ಇಟಾಲಿಯನ್ನಿನ ದಾಯಾದಿ. ಅದಕ್ಕೇ ನಿಮ್ಮಣ್ಣನ ಕಿವಿಗೆ ಹಾಗೆ ಕೇಳಿಸಿದೆ. ಹುಡುಗರು ಮಾಲ್ಡೋವಾದವರು. ಆ ದೇಶ 1991ರವರೆಗೆ ಸೋವಿಯತ್ ಒಕ್ಕೂಟದ ಒಳಗಿತ್ತು, ಹಾಗಾಗಿ ನಿಮ್ಮ ರಷ್ಯಾ ಊಹೆಗೂ ಒಂದು ಕಾರಣ ಇದೆ.

ಮಾಲ್ಡೋವಾ ರೊಮೇನಿಯಾಕ್ಕೂ ಉಕ್ರೇನಿಗೂ ನಡುವೆ ಸಿಕ್ಕಿಕೊಂಡ ಪುಟ್ಟ ದೇಶ. ರಾಜಧಾನಿ ಕಿಶಿನೌ. 2022ರಲ್ಲಿ ಯುದ್ಧ ಶುರುವಾದಾಗ ಉಕ್ರೇನಿನಲ್ಲಿ ಓದುತ್ತಿದ್ದ ನಮ್ಮ ದೇಶದ ವಿದ್ಯಾರ್ಥಿಗಳಲ್ಲಿ ಕೆಲವರು ಈ ದೇಶ ದಾಟಿಯೇ ಮನೆಗೆ ಬಂದರು. ಕನ್ನಡ ಪತ್ರಿಕೆ ಓದುವ ಎಷ್ಟೋ ಜನರಿಗೆ ಹೆಸರು ಪರಿಚಯವಾದದ್ದು ಆಗಲೇ.

ಅಲ್ಲಿ ಭಾಷೆಯ ಹೆಸರೇ ದೊಡ್ಡ ಜಗಳವಾಗಿತ್ತು. ಸೋವಿಯತ್ ಕಾಲದಲ್ಲಿ ಅದನ್ನು "ಮಾಲ್ಡೋವನ್" ಎಂದು ಕರೆದು ರಷ್ಯನ್ ಲಿಪಿಯಲ್ಲಿ ಬರೆಸುತ್ತಿದ್ದರು. 1989ರಲ್ಲಿ ಲ್ಯಾಟಿನ್ ಲಿಪಿ ವಾಪಸ್ ಬಂತು. ಕಾನೂನಿನ ಪುಸ್ತಕಗಳಲ್ಲಿ "ರೊಮೇನಿಯನ್" ಎಂದೇ ಬರೆಯಬೇಕು ಅಂತ ಸಂಸತ್ತು ತೀರ್ಮಾನಿಸಿದ್ದು 2023ರಲ್ಲಿ. ಆ ಭಾಷೆಯ ಸಾಲುಗಳನ್ನು ಅಷ್ಟು ಹೊತ್ತಿಗೆ ಲೋಕವೆಲ್ಲ ಅರ್ಥ ಗೊತ್ತಿಲ್ಲದೆ ಇಪ್ಪತ್ತು ವರ್ಷ ಹಾಡಿಯಾಗಿತ್ತು.

ಆ ಮೂವರು ಯಾರು?

ಡಾನ್ ಬಾಲನ್, ರಾದು ಸಿರ್ಬು, ಆರ್ಸೇನಿಯೆ ತೊದಿರಾಷ್. ತಂಡ ಹುಟ್ಟಿದ್ದು 1990ರ ದಶಕದ ಕೊನೆಯಲ್ಲಿ, ಕಿಶಿನೌದಲ್ಲಿ. ಆಗ ಬಾಲನ್ ಜೊತೆ ಇದ್ದವನು ಪೇತ್ರು ಝೆಲಿಹೊವ್‌ಸ್ಕಿ. ಅವನು ಬಿಟ್ಟ ಮೇಲೆ ಉಳಿದ ಇಬ್ಬರು ಬಂದರು. ಮಜಾ ಅಂದ್ರೆ ಬಾಲನ್ ಇದಕ್ಕೂ ಮುಂಚೆ ಹೆವಿ ಮೆಟಲ್ ಬ್ಯಾಂಡಿನಲ್ಲಿದ್ದವನು. ಇನ್ಫೆರಿಯಾಲಿಸ್ ಅಂತ ಅದರ ಹೆಸರು. ಕಪ್ಪು ಬಟ್ಟೆಯ, ಕತ್ತಲೆ ಸಂಗೀತದ ಆಸಾಮಿಯಿಂದ ಇಂಥ ಬಿಸಿಲಿನ ಹಾಡು ಬಂತು.

ಮಾಲ್ಡೋವಾದ ಮಾರುಕಟ್ಟೆ ಸಣ್ಣದು. 2002ರಲ್ಲಿ ಅವರು ರೊಮೇನಿಯಾಕ್ಕೆ ಹೋದರು. ಅಲ್ಲಿ "ದೆಸ್ಪ್ರೆ ತಿನೆ" ಎಂಬ ಹಾಡು ಮೊದಲು ಗೆದ್ದಿತು. ಅದರ ಬೆನ್ನಿಗೇ ನಮ್ಮ ಮೈಯಾಹಿ.

ಈ ಹಾಡನ್ನು ಯೂರೋಡಾನ್ಸ್ ಅಂತಾರಲ್ಲ, ಹಾಗಂದ್ರೆ ಏನು? ಡಿಸ್ಕೋನೇ ತಾನೆ?

ಡಿಸ್ಕೋದ ಮೊಮ್ಮಗ ಅನ್ನಿ. 1980ರ ದಶಕದ ಕೊನೆಗೆ ಜರ್ಮನಿ, ಇಟಲಿ, ನೆದರ್ಲೆಂಡ್ಸ್, ಬೆಲ್ಜಿಯಂ ಕಡೆಯ ಸ್ಟುಡಿಯೋಗಳಲ್ಲಿ ರೂಪುಗೊಂಡ ಕುಣಿತದ ಸಂಗೀತ. ಪ್ರತಿ ಎಣಿಕೆಗೂ ಬೀಳುವ ದಪ್ಪ ಡ್ರಮ್ ಪೆಟ್ಟು, ಅದರ ನಡುವೆ ಪುಟಿಯುವ ಬೇಸ್, ಸಿಂಥಸೈಸರ್‌ನಲ್ಲಿ ಒಂದು ಸಣ್ಣ ರಾಗದ ತುಣುಕು, ಒಮ್ಮೆ ಕೇಳಿದರೆ ಬಾಯಿಗೆ ಬರುವ ಪಲ್ಲವಿ. ಸ್ನ್ಯಾಪ್, ಹ್ಯಾಡವೇ, 2 ಅನ್‌ಲಿಮಿಟೆಡ್ ಇವರೆಲ್ಲ ಆ ಕಾಲದ ದೊಡ್ಡ ಹೆಸರುಗಳು. ಪಲ್ಲವಿಗೆ ಹೆಣ್ಣು ದನಿ, ನಡುವೆ ಗಂಡಸಿನ ರ‍್ಯಾಪ್, ಪದಗಳು ಇಂಗ್ಲಿಷಿನಲ್ಲಿ. ಇದು ಸಾಮಾನ್ಯ ಅಳತೆ.

ಓ-ಝೋನ್ ಬರುವ ಹೊತ್ತಿಗೆ ಆ ಅಲೆ ಇಳಿದಿತ್ತು. ಇವರ ಹಾಡಿನಲ್ಲಿ ರ‍್ಯಾಪ್ ಇಲ್ಲ, ಹೆಣ್ಣು ದನಿ ಇಲ್ಲ, ಇಂಗ್ಲಿಷೂ ಇಲ್ಲ. ಡ್ರಮ್ ಪೆಟ್ಟು ಮತ್ತು ಪಲ್ಲವಿ ಮಾತ್ರ ಹಳೇ ಮನೆಯವೇ.

## ಪದಗಳ ಒಳಗೆ

ಮೈಯಾಹಿಗೆ ಅರ್ಥ ಏನಾದರೂ ಇದೆಯಾ?

ಇಲ್ಲ. ನಮ್ಮ ಹಾಡುಗಳಲ್ಲಿ "ತಂದಾನಾ ತಾನಾ" ಇದೆಯಲ್ಲ, ಹಾಗೆ. ಕೊನೆಯ ಸ್ವರ ಮಾತ್ರ ಬದಲಾಗುತ್ತಾ ಹೋಗುತ್ತದೆ: ಹಿ, ಹು, ಹೋ, ಆಮೇಲೆ ಹಾಹಾ. ಕಾಗುಣಿತ ಹೇಳುವ ಮಗುವಿಗೂ ಬರುತ್ತದೆ.

ಹೆಸರಿನ ಅರ್ಥ "ನಿಂಬೆ ಮರದ ಪ್ರೀತಿ" ಅಂತ ಒಂದು ಕಡೆ ಓದಿದೆ. ಸರೀನಾ?

ನಿಂಬೆಗೂ ಇದಕ್ಕೂ ಸಂಬಂಧ ಇಲ್ಲ. "ದ್ರಾಗೊಸ್ತೆ" ಅಂದರೆ ಪ್ರೀತಿ, "ತೆಯ್" ಅಂದರೆ ಲಿಂಡನ್ ಮರ. ಬ್ರಿಟನ್ನಿನಲ್ಲಿ ಲಿಂಡನ್ ಮರಕ್ಕೆ "ಲೈಮ್" ಅಂತಲೂ ಹೆಸರು. ಯಾರೋ ಅದನ್ನು ನೋಡಿ ನಿಂಬೆ ಮಾಡಿದ್ದಾರೆ. ಕುಲ ಹುಡುಕಿದರೆ ಲಿಂಡನ್ ನಮ್ಮ ದಾಸವಾಳ, ಬೆಂಡೆ, ಹತ್ತಿಗಳ ಬಳಗಕ್ಕೆ ಸೇರಿದ್ದು. ಬರ್ಲಿನ್‌ನಲ್ಲಿರುವ ಕನ್ನಡಿಗರು ದಿನಾ ನೋಡುವ ಉಂಟರ್ ಡೆನ್ ಲಿಂಡನ್ ರಸ್ತೆಗೆ ಹೆಸರು ಕೊಟ್ಟದ್ದೂ ಇದೇ ಮರ.

ಅಕ್ಷರಕ್ಕಕ್ಷರ ಹೇಳಿದರೆ "ಲಿಂಡನ್ ಮರಗಳಿಂದ ಬಂದ ಪ್ರೀತಿ". ಕನ್ನಡದಲ್ಲಿ ಹೇಳುವಾಗ ನನಗೆ "ಲಿಂಡನ್ ನೆರಳಿನ ಪ್ರೀತಿ" ಸರಿ ಅನ್ನಿಸುತ್ತದೆ. ರೊಮೇನಿಯನ್ನರಿಗೆ ಈ ಮರ ಅಂದರೆ ಸುಮ್ನೆ ಮರ ಅಲ್ಲ. ಜೂನ್ ಹೊತ್ತಿಗೆ ತಿಳಿ ಹಳದಿ ಹೂ ಬಿಡುತ್ತದೆ, ಬೀದಿ ತುಂಬಾ ಜೇನಿನಂಥ ವಾಸನೆ. ನೆಗಡಿ ಆದರೆ ಮನೆಯಲ್ಲಿ ಅದೇ ಹೂವಿನ ಕಷಾಯ. ಅವರ ಅತಿ ದೊಡ್ಡ ಕವಿ ಮಿಹಾಯ್ ಎಮಿನೆಸ್ಕು. ಅವನ ಪ್ರೇಮ ಕವಿತೆಗಳಲ್ಲಿ ಈ ಮರ ಮತ್ತೆ ಮತ್ತೆ ಬರುತ್ತದೆ. ಯಾಷ್ ಎಂಬ ಊರಿನ ಕೊಪೌ ಉದ್ಯಾನದಲ್ಲಿ ಅವನ ಹೆಸರಿನ ಹಳೆಯ ಲಿಂಡನ್ ಇದೆ. ಜನ ಈಗಲೂ ಹೋಗಿ ನೋಡಿಕೊಂಡು ಬರುತ್ತಾರೆ. ನಮ್ಮಲ್ಲಿ ಹಾಡಿನಲ್ಲಿ ಸಂಪಿಗೆ ಮರ ಅಂದ ಕೂಡಲೇ ಮನಸ್ಸಿಗೆ ಏನೋ ಬರುತ್ತಲ್ಲ, ಅವರಿಗೆ "ತೆಯ್" ಅಂದರೆ ಹಾಗೆ.

ನನ್ನದೊಂದು ಅನುಮಾನವೂ ಇದೆ. ಪಲ್ಲವಿಯ ಸಾಲುಗಳು "ಯೆಯ್" ಎಂದು ಮುಗಿಯುತ್ತವೆ. "ತೆಯ್" ಅದಕ್ಕೆ ಚೆನ್ನಾಗಿ ಪ್ರಾಸ ಕೂಡುತ್ತದೆ. ಮರ ಅರ್ಧ ಪ್ರೀತಿಗೆ, ಅರ್ಧ ಪ್ರಾಸಕ್ಕೆ ಬಂದಿರಬೇಕು.

ಹಾಡಿನಲ್ಲಿ ಕಥೆ ಏನಿದೆ? "ಅಲೋ, ಅಲೋ" ಅಂತ ಯಾಕೆ?

ನನಗೆ ಇಷ್ಟದ ಪ್ರಶ್ನೆ ಇದು. ಹಾಡು ಪೂರ್ತಿ ಒಂದು ಫೋನ್ ಕರೆ. ಹುಡುಗ ಹುಡುಗಿಗೆ ಫೋನ್ ಮಾಡಿ "ನಾನು, ಒಬ್ಬ ಹೈದುಕ್" ಅನ್ನುತ್ತಾನೆ. ಹೈದುಕ್ ಅಂದರೆ ಆ ಕಡೆಯ ಜನಪದ ಕಥೆಗಳಲ್ಲಿ ಕಾಡು ಸೇರಿ, ಉಳ್ಳವರನ್ನು ದೋಚಿ ಬಡವರ ಕಡೆ ನಿಲ್ಲುವ ಬಂಡುಕೋರ. ಉತ್ತರ ಕರ್ನಾಟಕದವರಿಗೆ ಸಿಂಧೂರ ಲಕ್ಷ್ಮಣ ಅಂದರೆ ಸಾಕು, ಗೊತ್ತಾಗುತ್ತದೆ. ಅಂಥ ಗಂಡುಗಲಿ ಏನು ಮಾಡಿದ? "ನಿನಗೆ ಬೀಪ್ ಕೊಟ್ಟೆ" ಅನ್ನುತ್ತಾನೆ.

ಬೀಪ್ ಅಂದರೆ ನಮ್ಮ ಮಿಸ್ಡ್ ಕಾಲ್! ಒಂದು ರಿಂಗ್ ಆದ ಕೂಡಲೇ ಕಟ್ ಮಾಡುವುದು. ಆಗ ಮೊಬೈಲ್ ಮಾತು ದುಬಾರಿ. ರೊಮೇನಿಯಾದ ರಾಜಧಾನಿ ಬುಖಾರೆಸ್ಟ್‌ನ ಹುಡುಗರೂ ಬಳ್ಳಾರಿಯ ಹುಡುಗರೂ ಒಂದೇ ಉಪಾಯ ಕಂಡುಕೊಂಡಿದ್ದರು. ನಮ್ಮಲ್ಲಿ ಇನ್‌ಕಮಿಂಗ್ ಕಾಲ್ ಫ್ರೀ ಆದದ್ದು 2003ರಲ್ಲಿ, ಈ ಹಾಡು ಬಂದ ವರ್ಷವೇ. ಆಮೇಲೆ ಮಿಸ್ಡ್ ಕಾಲಿಗೆ ಒಂದು ಭಾಷೆಯೇ ಹುಟ್ಟಿತು ಅಲ್ವಾ? ನಮ್ಮ ರೂಮಿನಲ್ಲಿ ಒಂದು ರಿಂಗ್ ಅಂದರೆ "ಕೆಳಗೆ ಬಾ", ಎರಡು ಅಂದರೆ "ಊಟಕ್ಕೆ ಕಾಯಬೇಡ".

ಸಾಮಾನ್ಯವಾಗಿ ಮಿಸ್ಡ್ ಕಾಲ್ ಕೊಡುವವನಿಗೆ ಒಂದು ಆಸೆ ಇರುತ್ತದೆ: ನೀನೇ ತಿರುಗಿ ಮಾಡು, ದುಡ್ಡು ನಿನ್ನದು. ಈ ಹುಡುಗ ಮಾತ್ರ "ಬೀಪ್ ಕೊಟ್ಟೆ, ಆದರೆ ನಿನ್ನಿಂದ ಏನೂ ಕೇಳುವುದಿಲ್ಲ" ಅನ್ನುತ್ತಾನೆ. ಪಾಪ, ಏನೂ ಕೇಳಲ್ಲ ಅಂತ ಹೇಳಲಿಕ್ಕೇ ಮಿಸ್ಡ್ ಕಾಲ್ ಕೊಟ್ಟಿದ್ದಾನೆ. ಪಲ್ಲವಿಗೆ ಬಂದಾಗ ನಿಜ ಹೊರಗೆ ಬರುತ್ತದೆ. ಅವಳು ಹೊರಡಲು ನಿಂತಿದ್ದಾಳೆ, ಇವನನ್ನು ಕರೆದುಕೊಂಡು ಹೋಗುತ್ತಿಲ್ಲ. "ನು ಮ, ನು ಮ ಯೆಯ್" ಅಂದರೆ ಅದೇ: ನನ್ನನ್ನು ಕರೆದೊಯ್ಯುತ್ತಿಲ್ಲ. ಜಗತ್ತೆಲ್ಲ ಕೈ ಮೇಲೆತ್ತಿ ಕುಣಿದ ಸಾಲು ಬಿಟ್ಟು ಹೋಗುವವಳ ಮುಂದೆ ನಿಂತವನ ಅಳಲು.

ಪಿಕಾಸೋ ಎಲ್ಲಿಂದ ಬಂದ?

ಅದೇ ಫೋನಿನಲ್ಲಿ ಹುಡುಗ ಒಮ್ಮೆ ಹೈದುಕ್, ಒಮ್ಮೆ ಪಿಕಾಸೋ, ಇನ್ನೊಮ್ಮೆ "ನಾನೇ ಸಂತೋಷ" ಅಂತ ಹೇಳಿಕೊಳ್ಳುತ್ತಾನೆ. ಹುಡುಗಿ ಮುಂದೆ ದೊಡ್ಡವನಾಗುವ ಆಟ. ಇದರಲ್ಲಿ ಗೂಢಾರ್ಥ ಹುಡುಕಿ ಪುಟಗಟ್ಟಲೆ ಬರೆದವರಿದ್ದಾರೆ. ನನಗೆ ಅಷ್ಟೆಲ್ಲ ಕಾಣಲಿಲ್ಲ.

## ಗಡಿ ದಾಟಿದ ಕಥೆ

ನಿಜವಾಗಿ ಎಷ್ಟು ದೊಡ್ಡ ಹಿಟ್ ಇದು?

2004ರಲ್ಲಿ ಫ್ರಾನ್ಸಿನ ಪಟ್ಟಿಯಲ್ಲಿ 15 ವಾರ ಮೊದಲ ಸ್ಥಾನ. ಜರ್ಮನಿಯಲ್ಲಿ 14 ವಾರ. ಯೂರೋಪಿನ ಎಲ್ಲ ದೇಶಗಳನ್ನು ಸೇರಿಸಿ ಮಾಡುವ ಪಟ್ಟಿಯಲ್ಲಿ 12 ವಾರ. ಬೇರೆ ಭಾಷೆಯ ಹಾಡುಗಳಿಗೆ ಅಷ್ಟು ಸುಲಭವಾಗಿ ಬಾಗಿಲು ತೆರೆಯದ ಬ್ರಿಟನ್ನಿನಲ್ಲೂ ಜೂನ್ ತಿಂಗಳಿಗೆ 3ನೇ ಸ್ಥಾನ. ಫ್ರಾನ್ಸ್ ಒಂದರಲ್ಲೇ ಹತ್ತು ಲಕ್ಷಕ್ಕೂ ಹೆಚ್ಚು ಸಿಂಗಲ್ ಮಾರಾಟವಾದವು. ಅದು ಜನ ಅಂಗಡಿಗೆ ಹೋಗಿ ಒಂದು ಹಾಡಿಗಾಗಿ ಒಂದು ಸಿಡಿ ಕೊಳ್ಳುತ್ತಿದ್ದ ಕಾಲ, ನೆನಪಿರಲಿ.

ಹೆಂಗಸು ಹಾಡಿದ್ದನ್ನೂ ಕೇಳಿದ್ದೇನೆ. ಅದೇ ಮೂಲ ಅಲ್ವಾ?

ಅಲ್ಲ, ಆದರೆ ಯೂರೋಪಿನ ಬಹಳ ಜನ ಅದನ್ನೇ ಮೊದಲು ಕೇಳಿದರು. ಹಾಡಿದವರು ಪೌಲಾ ಮಿತ್ರಾಕೆ. ರೊಮೇನಿಯಾದವರು, ಇಟಲಿಯಲ್ಲಿ ಕೆಲಸ ಮಾಡುತ್ತಿದ್ದವರು. ವೇದಿಕೆಯ ಹೆಸರು "ಹೈದುಚಿ", ಅಂದರೆ "ಹೈದುಕರು". ಹಾಡಿನೊಳಗಿನ ಬಂಡುಕೋರನೇ ಹಾಡುವವರ ಹೆಸರಾದ!

2004ರ ಶುರುವಿನಲ್ಲಿ ಇವರ ದನಿಯ ಹಾಡು ಇಟಲಿಯಲ್ಲಿ ಮೊದಲ ಸ್ಥಾನಕ್ಕೆ ಹೋಯಿತು, ಆಮೇಲೆ ಸ್ವೀಡನ್ನಿನಲ್ಲೂ. ಆ ಹೊತ್ತಿಗೆ ಮೂಲ ತಂಡದ ಹಾಡು ಪಶ್ಚಿಮ ಯೂರೋಪಿಗೆ ಇನ್ನೂ ಸರಿಯಾಗಿ ಕಾಲಿಟ್ಟಿರಲಿಲ್ಲ. ಓ-ಝೋನ್ ಕಡೆಯವರಿಗೆ ಸಿಟ್ಟು ಬಂತು, ಪತ್ರಿಕೆಗಳಲ್ಲಿ ಮಾತಿಗೆ ಮಾತು ಬೆಳೆಯಿತು. ಆಮೇಲೆ ಎರಡೂ ಒಂದೇ ಕಾಲಕ್ಕೆ ಅಂಗಡಿಗಳಲ್ಲಿದ್ದವು. ಜನ ಗೊಂದಲಪಟ್ಟರು. ನನ್ನ ಲೆಕ್ಕದಲ್ಲಿ ಈ ಜಗಳದಿಂದ ಹಾಡಿಗೆ ಲಾಭವೇ ಆಯಿತು. ಇಟಲಿಯಲ್ಲಿ ಆಕೆ ಬಾಗಿಲು ತೆರೆದರು, ಫ್ರಾನ್ಸ್, ಜರ್ಮನಿಯಲ್ಲಿ ಹುಡುಗರು ಒಳಗೆ ಹೋಗಿ ಕೂತರು.

ಒಂದು ಪದವೂ ಅರ್ಥವಾಗದ ಹಾಡನ್ನು ಜನ ಅಷ್ಟು ಹಚ್ಚಿಕೊಂಡದ್ದು ಯಾಕೆ?

ಅರ್ಥವಾಗದ್ದರಿಂದಲೇ ಅಂತ ನನಗೆ ಅನ್ನಿಸುತ್ತದೆ. ಸ್ವಲ್ಪ ಬಿಡಿಸಿ ಹೇಳುತ್ತೇನೆ.

ಸಂಗೀತದ ಕಡೆಯಿಂದ ನೋಡಿದರೆ ಕಟ್ಟಡ ಸರಳ. ನಿಮಿಷಕ್ಕೆ ಸುಮಾರು 130 ಪೆಟ್ಟು, ನಾಲ್ಕು ಕಾರ್ಡ್‌ಗಳು, ಅಂದರೆ ಒಟ್ಟಿಗೆ ನುಡಿಸುವ ಸ್ವರಗಳ ಗೊಂಚಲುಗಳು, ಸುತ್ತಿ ಸುತ್ತಿ ಬರುತ್ತವೆ. ಮೊದಲು ಮೈಯಾಹಿ. ಆಮೇಲೆ ತಗ್ಗಿದ ದನಿಯಲ್ಲಿ ಫೋನ್ ಮಾತು. ಪಲ್ಲವಿಗೆ ಬಂದಾಗ ಗಂಡು ದನಿ ದಿಢೀರನೆ ಮೇಲಕ್ಕೆ, ಕೀರಲು ಅನ್ನುವಷ್ಟು ಮೇಲಕ್ಕೆ ಹಾರುತ್ತದೆ. ಕುಣಿಯುವವನಿಗೆ ಎಲ್ಲಿ ಜಿಗಿಯಬೇಕು ಅಂತ ಯಾರೂ ಹೇಳಿಕೊಡಬೇಕಾಗಿಲ್ಲ.

ಇನ್ನು ಪದಗಳು. ಮೈಯಾಹಿಗೆ ಅರ್ಥವೇ ಇಲ್ಲ, ಹಾಗಾಗಿ ಅಲ್ಲಿ ರೊಮೇನಿಯನ್ನನೂ ಫ್ರೆಂಚನೂ ಸಮಸಮ. "ನು ಮ ನು ಮ" ಚಿಕ್ಕ ಚಿಕ್ಕ ಅಕ್ಷರ, ತಪ್ಪು ಹಾಡಿದರೂ ಸರಿ ಹಾಡಿದ ಹಾಗೇ ಕೇಳುತ್ತದೆ. ಇಂಗ್ಲಿಷಿನಲ್ಲಿದ್ದಿದ್ದರೆ ಅರ್ಧಂಬರ್ಧ ಅರ್ಥವಾಗಿ "ಓ, ಇನ್ನೊಂದು ಪ್ರೇಮಗೀತೆ" ಅಂತ ಬಿಡುತ್ತಿದ್ದರೇನೋ. ಇಲ್ಲಿ ಪ್ರತಿಯೊಬ್ಬರೂ ತಮಗೆ ಬೇಕಾದ ಪದ ತುಂಬಿಕೊಂಡರು.

ಬೇಸಿಗೆಯ ಪಾತ್ರವೂ ಇದೆ. ಯೂರೋಪಿನಲ್ಲಿ ಜುಲೈ, ಆಗಸ್ಟ್ ಅಂದರೆ ರಜೆ. ಚಳಿ ದೇಶಗಳ ಜನ ಬಿಸಿಲು ಹುಡುಕಿ ದಕ್ಷಿಣದ ಸಮುದ್ರಕ್ಕೆ ಹೋಗುತ್ತಾರೆ. ಅಲ್ಲಿ ಡಿಸ್ಕೋದಲ್ಲಿ ಕೇಳಿದ ಹಾಡನ್ನು ಊರಿಗೆ ತಂದು ರೇಡಿಯೋದವರನ್ನು ಪೀಡಿಸುತ್ತಾರೆ. ಅದಕ್ಕೇ ಅಲ್ಲಿ "ಬೇಸಿಗೆ ಹಾಡು" ಅನ್ನುವುದು ಒಂದು ಜಾತಿಯೇ ಆಗಿದೆ.

ಜಪಾನಿನಲ್ಲಿ ಬೆಕ್ಕು ಹಾಡುತ್ತಲ್ಲ, ಅದೇನು?

ಜಪಾನಿನಲ್ಲಿ ಕೆಲವರಿಗೆ ಈ ಸಾಲುಗಳು ಜಪಾನಿ ಪದಗಳ ಹಾಗೆ ಕೇಳಿಸಿದವು. "ನು ಮ ನು ಮ ಯೆಯ್" ಅವರ ಕಿವಿಗೆ "ನೋಮ ನೋಮ ಯೇಯ್", ಅಂದರೆ ಹೆಚ್ಚುಕಡಿಮೆ "ಕುಡಿ, ಕುಡಿ, ಹೋಯ್". ಬಿಟ್ಟು ಹೋಗುವ ಹುಡುಗಿಯ ಹಾಡು ಅಲ್ಲಿ ಕುಡುಕರ ಹಾಡಾಯಿತು. ಹೀಗೆ ತಪ್ಪಾಗಿ ಕೇಳಿದ ಪದಗಳನ್ನೇ ಇಟ್ಟುಕೊಂಡು ಯಾರೋ ಬೆಕ್ಕು ಕುಣಿಯುವ ಫ್ಲಾಶ್ ಅನಿಮೇಷನ್ ಮಾಡಿದರು. ಅದು ಕೈಯಿಂದ ಕೈಗೆ ಹೋಯಿತು.

2005ರಲ್ಲಿ ಅಲ್ಲಿನ ಅವೆಕ್ಸ್ ಕಂಪನಿ ಹಾಡನ್ನು "ಕೊಯ್ ನೊ ಮೈಯಾಹಿ" ಹೆಸರಿನಲ್ಲಿ ದೊಡ್ಡದಾಗಿ ಮಾರಿತು. ಬೆಕ್ಕಿನ ಬೊಂಬೆಗಳನ್ನೂ ಮಾರಲು ಹೊರಟಿತು. ಆ ಬೆಕ್ಕು 2ಚಾನೆಲ್ ಎಂಬ ತಾಣದ ಜನ ವರ್ಷಗಳಿಂದ ಅಕ್ಷರಗಳಲ್ಲಿ ಬರೆಯುತ್ತಿದ್ದ "ಮೊನಾ" ಎಂಬ ಬೆಕ್ಕಿನ ಪಡಿಯಚ್ಚು. ಎಲ್ಲರ ಬೆಕ್ಕಿಗೆ ನೀವು ಟ್ರೇಡ್‌ಮಾರ್ಕ್ ಹಾಕುವುದೇ ಅಂತ ಗಲಾಟೆ ಎದ್ದಿತು. ಕೊನೆಗೆ ಟ್ರೇಡ್‌ಮಾರ್ಕ್ ಅರ್ಜಿಯನ್ನು ವಾಪಸ್ ತೆಗೆದುಕೊಂಡರು. ಇನ್ನೊಂದು ತಮಾಷೆ: ಜಪಾನಿನಲ್ಲಿ ಇಷ್ಟೆಲ್ಲ ನಡೆಯುವಾಗ ಓ-ಝೋನ್ ತಂಡವೇ ಇರಲಿಲ್ಲ. 2005ರ ಜನವರಿಯಲ್ಲೇ ಅದು ಒಡೆದಿತ್ತು.

ಕನ್ನಡಕ ಹಾಕಿದ ದಪ್ಪ ಹುಡುಗ ಕುರ್ಚಿಯಲ್ಲಿ ಕೂತೇ ಕುಣಿಯುವ ವಿಡಿಯೊ ಈ ಹಾಡಿನದ್ದೇನಾ?

ಹೌದು. ಅಮೆರಿಕದ ನ್ಯೂಜೆರ್ಸಿಯ ಗ್ಯಾರಿ ಬ್ರೋಲ್ಸ್ಮಾ ಮಾಡಿದ್ದು. 2004ರ ಡಿಸೆಂಬರ್‌ನಲ್ಲಿ ಹೆಡ್‌ಫೋನ್ ಹಾಕಿ, ವೆಬ್‌ಕ್ಯಾಮ್ ಮುಂದೆ ಕೂತು, ಹುಬ್ಬು ಹಾರಿಸುತ್ತಾ ತುಟಿ ಆಡಿಸಿದ. ನ್ಯೂಗ್ರೌಂಡ್ಸ್ ಎಂಬ ತಾಣಕ್ಕೆ ಹಾಕಿದ. ಆಗ ಯೂಟ್ಯೂಬ್ ಹುಟ್ಟೇ ಇರಲಿಲ್ಲ. ಆದರೂ ಕೋಟಿಗಟ್ಟಲೆ ಜನ ನೋಡಿದರು. ಅವನು ಹಾಡನ್ನು ಕಂಡದ್ದು ಮೇಲೆ ಹೇಳಿದ ಜಪಾನಿ ಬೆಕ್ಕಿನಿಂದ. ಕಿಶಿನೌ, ಬುಖಾರೆಸ್ಟ್, ಟೋಕಿಯೊ, ನ್ಯೂಜೆರ್ಸಿ: ಒಂದು ಮಿಸ್ಡ್ ಕಾಲ್ ಎಷ್ಟು ದೂರ ಹೋಯಿತು ನೋಡಿ.

ನಮ್ಮ ಕಡೆಗೆ ಬಂದದ್ದೂ ಹೆಚ್ಚಾಗಿ ಈ ದಾರಿಯಲ್ಲೇ. ನಾನು ನೋಡಿದ್ದು ಸೈಬರ್ ಸೆಂಟರಿನಲ್ಲಿ, ಗೆಳೆಯ ಕಳಿಸಿದ ಇ-ಮೇಲ್ ತೆರೆದಾಗ. ಲೋಡ್ ಆಗಲು ಹಿಡಿದ ಹೊತ್ತಿಗೇ ಅರ್ಧ ಗಂಟೆಯ ದುಡ್ಡು ಮುಗಿದಿತ್ತು.

## ಇನ್ನೂ ಒಳಕ್ಕೆ ಹೋಗುವವರಿಗೆ

ಇದೇ ರಾಗ ರಿಹಾನಾ ಹಾಡಿನಲ್ಲೂ ಬರುತ್ತೆ. ಕದ್ದದ್ದಾ?

ಕದ್ದದ್ದಲ್ಲ, ಹೇಳಿ ತೆಗೆದುಕೊಂಡದ್ದು. 2008ರಲ್ಲಿ ರ‍್ಯಾಪ್ ಗಾಯಕ ಟಿ.ಐ. ರಿಹಾನಾ ಜೊತೆ ಮಾಡಿದ "ಲಿವ್ ಯುವರ್ ಲೈಫ್" ಹಾಡಿನಲ್ಲಿ ಮೈಯಾಹಿ ಇದೆ. ಬರೆದವರ ಪಟ್ಟಿಯಲ್ಲಿ ಡಾನ್ ಬಾಲನ್ ಹೆಸರೂ ಇದೆ. ಅಮೆರಿಕದ ಬಿಲ್‌ಬೋರ್ಡ್ ಪಟ್ಟಿಯಲ್ಲಿ ಅದು ಒಂದೇ ವಾರದಲ್ಲಿ 80ನೇ ಸ್ಥಾನದಿಂದ 1ಕ್ಕೆ ಜಿಗಿಯಿತು. ಮೂಲ ಹಾಡು ಆ ದೇಶದ ಪಟ್ಟಿಯಲ್ಲಿ ಅಂಥ ಎತ್ತರ ಕಂಡಿರಲಿಲ್ಲ. 2024ರಲ್ಲಿ ಫ್ರಾನ್ಸಿನ ಡಿಜೆ ಡೇವಿಡ್ ಗೆಟಾ ಮತ್ತು ಅಮೆರಿಕದ ಒನ್‌ರಿಪಬ್ಲಿಕ್ ತಂಡ ಇದೇ ರಾಗದ ಮೇಲೆ ಇನ್ನೊಂದು ಹಾಡು ಕಟ್ಟಿದರು.

ಬಾಲನ್‌ಗೆ ಹಾಡಿನ ನಿಜವಾದ ಆಸ್ತಿ ಇದು. ತಂಡ ಒಡೆಯಬಹುದು, ಬೇರೆಯವರು ಹಾಡಬಹುದು. ಆದರೆ ಬರೆದವನ ಪಾಲು ಬರೆದವನಿಗೇ.

ಬೇರೆ ಭಾಷೆಗಳಿಗೂ ಹೋಗಿದೆಯಾ?

ಬೇಕಾದಷ್ಟು. ಬ್ರೆಜಿಲ್‌ನಲ್ಲಿ ಲ್ಯಾಟಿನೊ ಎಂಬ ಗಾಯಕ ಇದನ್ನು "ಫೆಸ್ಟಾ ನೊ ಅಪೆ" ಮಾಡಿದ. ಅದು ಅಪಾರ್ಟ್‌ಮೆಂಟಿನ ಪಾರ್ಟಿ ಹಾಡು, ಅಲ್ಲಿ ಭಾರಿ ಹಿಟ್. ಸ್ಪೇನಿನಲ್ಲಿ ಲೋಸ್ ಮೊರಾಂಕೋಸ್ ಎಂಬ ಹಾಸ್ಯ ಜೋಡಿ ಸಲಿಂಗಿ ಹುಡುಗರ ಬಗ್ಗೆ ತಮಾಷೆಯ ಹಾಡು ಕಟ್ಟಿತು. ಒಂದರಲ್ಲೂ ಲಿಂಡನ್ ಮರ ಉಳಿಯಲಿಲ್ಲ.

ಆ ಮೂವರು ಈಗ ಏನು ಮಾಡ್ತಿದ್ದಾರೆ?

ಬೇರೆ ಬೇರೆ ದಾರಿ. ಆರ್ಸೇನಿಯೆ "ಆರ್ಸೇನಿಯಮ್" ಹೆಸರಿನಲ್ಲಿ 2006ರಲ್ಲಿ ಯೂರೋಪಿನ ದೇಶಗಳ ನಡುವಿನ ಹಾಡಿನ ಸ್ಪರ್ಧೆಯಾದ ಯೂರೋವಿಷನ್‌ಗೆ ಮಾಲ್ಡೋವಾ ಪರವಾಗಿ ಹೋದ, ಜೊತೆಗೆ ನತಾಲಿಯಾ ಗೋರ್ದಿಯೆಂಕೊ. ಬಂದದ್ದು 20ನೇ ಸ್ಥಾನ. ರಾದು ಒಬ್ಬನೇ ಹಾಡುತ್ತಾ ಹೋದ. ಬಾಲನ್ ಮೊದಲು "ಕ್ರೇಜಿ ಲೂಪ್" ಎಂಬ ಹೆಸರಿನಲ್ಲಿ, ಆಮೇಲೆ ಸ್ವಂತ ಹೆಸರಿನಲ್ಲಿ ಹಾಡಿದ. 2010ರ ಅವನ "ಚಿಕಾ ಬಾಂಬ್" ಯೂರೋಪಿನಲ್ಲಿ ಓಡಿತು. 2017ರಲ್ಲಿ ಮೂವರೂ ಮತ್ತೆ ಒಂದೇ ವೇದಿಕೆಗೆ ಬಂದು ಹಾಡಿದರು.

"ಒಂದೇ ಹಾಡಿನವರು" ಅಂತ ಅವರನ್ನು ಹೀಗಳೆಯುವುದು ನನಗೆ ಸರಿ ಕಾಣುವುದಿಲ್ಲ. "ದೆಸ್ಪ್ರೆ ತಿನೆ"ಯನ್ನು ಕೇಳಿ ನೋಡಿ. ಅದರಲ್ಲೂ ಫೋನೇ, ಎಸ್ಎಂಎಸ್ಸೇ!

ಪಾರ್ಟಿಯಲ್ಲಿ ಹಾಡಬೇಕು. ಸರಿಯಾದ ಉಚ್ಚಾರ ಹೇಳಿಕೊಡಿ, ಪ್ಲೀಸ್.

ಇದರಲ್ಲಿ ಕನ್ನಡಿಗರಿಗೆ ಒಂದು ಅನುಕೂಲ ಇದೆ. ಇಂಗ್ಲಿಷಿನವರು "ನೂಮಾ ನೂಮಾ" ಅಂತ ಎಳೆಯುತ್ತಾರೆ. ರೊಮೇನಿಯನ್ನಿನಲ್ಲಿ ಅಲ್ಲಿರುವುದು ಗಿಡ್ಡ ಸ್ವರ, ನಮ್ಮ "ಅ"ಗೆ ತುಂಬ ಹತ್ತಿರ. "ಮರ", "ಮನೆ"ಯ "ಮ" ಹೇಳಿದರೆ ಸಾಕು. "ನು" ಕೂಡ ಗಿಡ್ಡ. ಕೊನೆಯದು "ಯೆಯ್", ಬಾಯಿ ಅಗಲಿಸಿ. "ತ", "ದ" ಎರಡನ್ನೂ ನಮ್ಮ "ತಂದೆ"ಯ ಹಾಗೆ ಹಲ್ಲಿಗೆ ನಾಲಿಗೆ ತಾಗಿಸಿ ಹೇಳಿ. "ಟ", "ಡ" ಬೇಡ. "ರ" ಸ್ವಲ್ಪ ಉರುಳಲಿ. ಪಲ್ಲವಿಯ ಎತ್ತರ ನಿಮ್ಮ ಗಂಟಲಿಗೆ ನಿಲುಕದಿದ್ದರೆ ಒಂದು ಸ್ಥಾಯಿ ಕೆಳಗೆ ಹಾಡಿ. ಮೇಲಿನದ್ದನ್ನು ಸುತ್ತ ನಿಂತವರು ಹೇಗೂ ಕಿರುಚುತ್ತಾರೆ.